ಹಳೆಯ ಸ್ಪೀಕರ್ ವೈರಿಂಗಿಗೆ ಗೋಡೆಯೊಳಗಿನ ಹೊಸ ಸ್ಪೀಕರ್‌ಗಳನ್ನು ಜೋಡಿಸಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಈಚೆಗೆ ಕೊಂಡ ಮನೆಯಲ್ಲಿ ಹಿಂದಿನ ಮಾಲೀಕರು ಗೋಡೆಗಳ ಒಳಗೆ ಸ್ಪೀಕರ್ ವೈರುಗಳನ್ನು ಎಳೆಸಿದ್ದಾರೆ. ಸ್ಪೀಕರ್‌ಗಳನ್ನು ಬಿಚ್ಚಿಕೊಂಡು ಹೋಗಿರುವುದರಿಂದ ಈಗ ವೈರುಗಳು ಮಾತ್ರ ಉಳಿದಿವೆ. ಹಾಲ್‌ನ ಮೂಲೆಯಲ್ಲಿರುವ ಕಪಾಟಿನ ಹಿಂಬದಿಯಿಂದ ಬೂದು ಬಣ್ಣದ ಎರಡು ಕೇಬಲ್‌ಗಳು ಹೊರಬಂದಿದ್ದು, ಪ್ರತಿಯೊಂದರ ಒಳಗೂ ಕೆಂಪು, ಕಪ್ಪು, ಬಿಳಿ ಮತ್ತು ಹಸಿರು ಬಣ್ಣದ ನಾಲ್ಕು ವೈರುಗಳಿವೆ. ಒಂದು ಕೇಬಲ್ ಹಾಲ್‌ನ ಬಲಗಡೆಯ ಗೋಡೆಯಲ್ಲಿರುವ ಖಾಲಿ ಬಾಕ್ಸಿಗೆ ಹೋಗುತ್ತದೆ. ಅಲ್ಲಿ ಕೆಂಪು ಮತ್ತು ಕಪ್ಪು ವೈರುಗಳ ತುದಿಗಳು ಬಿಡಿಯಾಗಿವೆ. ಬಿಳಿ ಮತ್ತು ಹಸಿರು ವೈರುಗಳನ್ನು ಮಾತ್ರ ಬೇರೊಂದು ತೆಳುವಾದ ಜೋಡಿ ವೈರಿಗೆ ಹೊಸೆದು, ಟೇಪ್ ಸುತ್ತಿ, ಎಡಗಡೆಯ ಗೋಡೆಗೆ ಕಳುಹಿಸಿದ್ದಾರೆ. ಇನ್ನೊಂದು ಕೇಬಲ್ ಊಟದ ಕೋಣೆಯ ಬಾಗಿಲ ಪಕ್ಕದಲ್ಲಿರುವ ಒಂದು ವಾಲ್ಯೂಮ್ ನಾಬಿಗೆ ಹೋಗಿ, ಅಲ್ಲಿಂದ ಮುಂದೆ ಆ ಕೋಣೆಯ ಎರಡು ಜಾಗಗಳಿಗೆ ಹೋಗುವಂತೆ ತೋರುತ್ತದೆ.

ನಾನು ಕೊಂಡಿರುವುದು ಗೋಡೆಯೊಳಗೆ ಕೂರಿಸುವ, 8 ಓಮ್‌ನ, ಆರೂವರೆ ಇಂಚಿನ ವೂಫರ್ ಇರುವ ಎರಡು ಜೊತೆ ಸ್ಪೀಕರ್‌ಗಳು. ಒಂದು ಜೊತೆ ಹಾಲ್‌ಗೆ, ಇನ್ನೊಂದು ಊಟದ ಕೋಣೆಗೆ. ಗೋಡೆಗಳು ಲೋಹದ ಚೌಕಟ್ಟಿನ ಮೇಲೆ ಜಿಪ್ಸಮ್ ಬೋರ್ಡ್ ಹೊಡೆದ ಟೊಳ್ಳು ಗೋಡೆಗಳು. ನನ್ನ ಬಳಿ ಇರುವ ರಿಸೀವರ್‌ನ (ಒಳಗೇ ಆಂಪ್ಲಿಫೈಯರ್ ಇರುವ ಪೆಟ್ಟಿಗೆಯ) ಹಿಂಬದಿಯಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಜೊತೆ ಸ್ಪೀಕರ್ ಟರ್ಮಿನಲ್‌ಗಳಿದ್ದು, ಅವುಗಳ ಪಕ್ಕದಲ್ಲಿ 6 ರಿಂದ 16 ಓಮ್ ಎಂದು ಬರೆದಿದೆ.

ಹಳೆಯ ವೈರುಗಳನ್ನೇ ಬಳಸಬಹುದೇ, ಯಾವ ಬಣ್ಣವನ್ನು ಎಲ್ಲಿಗೆ ಕೊಡಬೇಕು, ಎರಡೂ ಕೋಣೆಗಳನ್ನು ಇದೊಂದೇ ರಿಸೀವರ್‌ನಿಂದ ನಡೆಸಿದರೆ ತೊಂದರೆಯಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ. ಈ ವಾರಾಂತ್ಯದಲ್ಲಿ ಬೋರ್ಡ್ ಕತ್ತರಿಸುವ ಯೋಚನೆಯಿದೆ.

ಉತ್ತರ 1

ಬೋರ್ಡ್ ಕತ್ತರಿಸುವುದನ್ನು ದಯವಿಟ್ಟು ಮುಂದೂಡಿ. ನಿಮ್ಮ ವಿವರಣೆಯಲ್ಲಿ ಎರಡು ವಿಷಯಗಳು ಅನುಮಾನ ಹುಟ್ಟಿಸುತ್ತವೆ: ಟೇಪ್ ಸುತ್ತಿದ ಆ ಜಾಯಿಂಟ್ ಒಂದು, ವಾಲ್ಯೂಮ್ ನಾಬ್ ಇನ್ನೊಂದು. ಹಳೆಯ ವೈರನ್ನು ಬಳಸಬಹುದೇ ಎಂಬ ಪ್ರಶ್ನೆಗೆ ವೈರಿನ ತುದಿಗಳನ್ನು ನೋಡಿ ಉತ್ತರ ಹೇಳಲು ಬರುವುದಿಲ್ಲ. ಆ ಎರಡು ತುದಿಗಳ ನಡುವೆ ಗೋಡೆಯೊಳಗೆ ಏನೇನಿದೆ ಎಂಬುದನ್ನು ಅಳೆದು ತಿಳಿದುಕೊಳ್ಳಬೇಕು. ಅದಕ್ಕೆ ಸಾಧಾರಣ ಮಲ್ಟಿಮೀಟರ್ ಒಂದು ಸಾಕು.

ಮೊದಲನೆಯ ಕೆಲಸ, ಇವು ನಿಜಕ್ಕೂ ಸ್ಪೀಕರ್ ವೈರುಗಳೇ ಹೌದೆಂದು ಖಚಿತಪಡಿಸಿಕೊಳ್ಳುವುದು. ಮೀಟರನ್ನು ಎಸಿ ವೋಲ್ಟೇಜಿನ ಅತಿ ದೊಡ್ಡ ಶ್ರೇಣಿಗೆ ಇಟ್ಟು, ತುದಿಗಳನ್ನು ಬರಿಗೈಯಲ್ಲಿ ಮುಟ್ಟದೆ, ಪ್ರತಿಯೊಂದು ಜೋಡಿಯ ನಡುವೆಯೂ ಅಳೆಯಿರಿ. ನಾಬ್ ಇರುವ ಬಾಕ್ಸಿನಲ್ಲಿಯೇ ದೀಪದ ಸ್ವಿಚ್ಚಿನ ವೈರುಗಳೂ ಇದ್ದರೆ ಆ ಭಾಗದ ಎಂಸಿಬಿಯನ್ನು ಇಳಿಸದೆ ತಿರುಪು ಬಿಚ್ಚಬೇಡಿ. ಹಾಗೆ ಕರೆಂಟಿನ ಲೈನಿನೊಂದಿಗೆ ಒಂದೇ ಬಾಕ್ಸಿನಲ್ಲಿ ಸ್ಪೀಕರ್ ವೈರನ್ನು ತುರುಕುವುದು ಸರಿಯಾದ ಪದ್ಧತಿಯಲ್ಲ. ಕಂಡುಬಂದರೆ ಬೇರ್ಪಡಿಸಲೇಬೇಕು.

ಅನಂತರ ಓಮ್ ಶ್ರೇಣಿಗೆ ಬನ್ನಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಬರೆದಿಟ್ಟುಕೊಂಡು, ಮುಂದಿನ ಎಲ್ಲ ಅಳತೆಗಳಿಂದಲೂ ಅದನ್ನು ಕಳೆಯಿರಿ, ಏಕೆಂದರೆ ನಾವು ಹುಡುಕುತ್ತಿರುವುದು ಒಂದು ಓಮ್‌ಗಿಂತ ಕಡಿಮೆಯ ಲೆಕ್ಕ. ಸ್ಪೀಕರ್ ಇರಬೇಕಾದ ಕಡೆ ತುದಿಗಳು ಬಿಡಿಯಾಗಿದ್ದಾಗ ಕಪಾಟಿನ ಕಡೆಯಿಂದ ನೋಡಿದರೆ ಯಾವ ಎರಡು ವೈರುಗಳ ನಡುವೆಯೂ ಸಂಪರ್ಕ ಕಾಣಬಾರದು. ಬಳಿಕ ಆ ತುದಿಯಲ್ಲಿ ಒಂದೊಂದೇ ಜೋಡಿಯನ್ನು ಹೊಸೆದು ಮತ್ತೆ ಅಳೆದರೆ ಹೋಗಿಬರುವ ದಾರಿಯ ಒಟ್ಟು ರೋಧ ಸಿಗುತ್ತದೆ. ವೈರಿನ ರೋಧ ಸ್ಪೀಕರ್‌ನ ಓಮ್‌ನ ನೂರಕ್ಕೆ ಐದರ ಒಳಗಿರಲಿ ಎನ್ನುವುದು ರೂಢಿ. ಅಂದರೆ 8 ಓಮ್‌ನ ಸ್ಪೀಕರ್‌ಗೆ ಸುಮಾರು 0.4 ಓಮ್. 1.5 ಚದರ ಮಿ.ಮೀ. ದಪ್ಪದ ಶುದ್ಧ ತಾಮ್ರದ ವೈರಾದರೆ 10 ಮೀಟರ್ ದೂರಕ್ಕೆ ಹೋಗಿಬರುವ ರೋಧ ಸುಮಾರು 0.23 ಓಮ್, 2.5 ಚದರ ಮಿ.ಮೀ. ಆದರೆ 0.14 ಓಮ್. ಈ ಲೆಕ್ಕದ ಜೊತೆಗೆ ಹೋಲಿಸಿದರೆ ನಿಮ್ಮ ಗೋಡೆಯೊಳಗಿರುವುದು ಎಂಥ ವೈರು ಎಂಬ ಅಂದಾಜು ಸಿಗುತ್ತದೆ.

ಬಣ್ಣಗಳ ವಿಷಯ: ನಾಲ್ಕು ವೈರಿನ ಸ್ಪೀಕರ್ ಕೇಬಲ್‌ಗಳಲ್ಲಿ ಕೆಂಪು-ಕಪ್ಪು ಬಲಗಡೆಗೆ, ಬಿಳಿ-ಹಸಿರು ಎಡಗಡೆಗೆ, ಕೆಂಪು ಮತ್ತು ಬಿಳಿ ಪ್ಲಸ್ ಎಂಬ ರೂಢಿಯಿದೆ. ಆದರೆ ಹಿಂದೆ ಕೆಲಸ ಮಾಡಿದವರು ಅದನ್ನು ಪಾಲಿಸಿದ್ದಾರೆಂದು ನಂಬಿ ಕೂರಬೇಡಿ. ಅಳೆದ ಕೂಡಲೇ ಎರಡೂ ತುದಿಗಳಿಗೆ ಚೀಟಿ ಅಂಟಿಸಿ.

ಉತ್ತರ 2

ಮೇಲಿನ ಮಾತಿಗೆ ಜಾಯಿಂಟುಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಹೊಸದಾಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವರ್ಷಗಳು ಕಳೆದಂತೆ ಟೇಪಿನ ಅಂಟು ಕರಗಿ ಸಡಿಲವಾಗುತ್ತದೆ, ತಾಮ್ರ ಕಪ್ಪಾಗುತ್ತದೆ, ಧ್ವನಿ ಜೋರಾದಾಗ ಕರಕರ ಸದ್ದು ಬರತೊಡಗುತ್ತದೆ. ಟೇಪ್ ಬಿಡಿಸಿ, ಕಪ್ಪಾದ ಎಳೆಗಳನ್ನು ಕತ್ತರಿಸಿ ಎಸೆದು, ಹೊಳೆಯುವ ತಾಮ್ರ ಸಿಗುವವರೆಗೆ ಹೊಸದಾಗಿ ಸುಲಿದು ಮತ್ತೆ ಜೋಡಿಸಿ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಏರಿಸಬಹುದು, ಅಥವಾ ಸರಿಯಾದ ಅಳತೆಯ ಕ್ರಿಂಪ್ (ಒತ್ತಿ ಬಿಗಿಯುವ) ಲೋಹದ ಕೊಳವೆಯನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಬಹುದು. ಬೆಸುಗೆಯ ಅಭ್ಯಾಸ ಇಲ್ಲದವರಿಗೆ ನಾನು ಹೇಳುವುದು ಪುಟ್ಟ ಲಿವರ್ ಎತ್ತಿ ವೈರು ತೂರಿಸಿ ಮುಚ್ಚುವ ಕನೆಕ್ಟರ್. ವ್ಯಾಗೋ 221 ಮಾದರಿಯದು 4 ಚದರ ಮಿ.ಮೀ. ವರೆಗಿನ ಎಳೆವೈರುಗಳನ್ನು ಹಿಡಿಯುತ್ತದೆ, ತೆಳುವಾದದ್ದನ್ನೂ ದಪ್ಪನೆಯದನ್ನೂ ಒಟ್ಟಿಗೆ ಹಿಡಿಯುತ್ತದೆ. ಯಾವ ವಿಧಾನವಾದರೂ ಸರಿ, ಜಾಯಿಂಟ್ ಮುಚ್ಚಳವಿರುವ ಬಾಕ್ಸಿನೊಳಗೆ, ಮುಂದೆ ಕೈಗೆ ಸಿಗುವ ಜಾಗದಲ್ಲಿ ಇರಬೇಕು. ಬೋರ್ಡಿನ ಹಿಂದೆ ಹುಗಿದು ಮರೆತುಬಿಟ್ಟ ಜಾಯಿಂಟ್ ಕೆಟ್ಟಾಗ ಅದನ್ನು ಹುಡುಕಲು ಗೋಡೆಯನ್ನೇ ಒಡೆಯಬೇಕಾಗುತ್ತದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಸುಲಿದ ಎಳೆಯೊಂದನ್ನು ಬ್ಲೇಡಿನಿಂದ ಮೆಲ್ಲನೆ ಕೆರೆಯಿರಿ. ಹೊರಗೆ ಬೆಳ್ಳಿಯ ಬಣ್ಣವಿದ್ದು ಕೆರೆದಾಗ ಒಳಗೆ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ, ಒಳ್ಳೆಯದೇ. ಹೊರಗೆ ಕೆಂಪಾಗಿದ್ದು ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಹೊದಿಕೆಯ ಅಲ್ಯೂಮಿನಿಯಮ್. ಅದೇ ದಪ್ಪದ ತಾಮ್ರಕ್ಕಿಂತ ಅದರ ರೋಧ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ಅದಕ್ಕಿಂತ ಕೆಟ್ಟದ್ದೆಂದರೆ ನಾಲ್ಕು ಸಲ ಬಗ್ಗಿಸಿದರೆ ಎಳೆಗಳು ಮುರಿಯುತ್ತವೆ. ಅಂಥ ವೈರನ್ನು ಅಲುಗಾಡಿಸದೆ ಬಳಸಬಹುದಾದರೂ, ಬೆಸುಗೆಗೆ ಅದು ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಎಲ್ಲವನ್ನೂ ಅಳೆದಿದ್ದೇನೆ. ಯಾವ ವೈರಿನಲ್ಲಿಯೂ ವೋಲ್ಟೇಜ್ ಇಲ್ಲ. ಎಳೆಗಳು ಕೆರೆದ ಮೇಲೂ ಕೆಂಪಾಗಿಯೇ ಇವೆ. ಕೆಳಗಿನ ಅಂಕಿಗಳಿಂದ ಮೀಟರಿನ ಕಡ್ಡಿಗಳ 0.2 ಓಮ್ ಅನ್ನು ಈಗಾಗಲೇ ಕಳೆದಿದ್ದೇನೆ.

ಹಾಲ್‌ನ ಕೇಬಲ್: ತುದಿ ಬಿಡಿಯಾಗಿದ್ದಾಗ ಯಾವ ಸಂಪರ್ಕವೂ ಇಲ್ಲ. ತುದಿ ಹೊಸೆದಾಗ ಕೆಂಪು-ಕಪ್ಪು 0.5 ಓಮ್. ಬಿಳಿ-ಹಸಿರು, ಎಡಗೋಡೆಯ ಕೊನೆಯವರೆಗೆ, 1.9 ಓಮ್.

ಊಟದ ಕೋಣೆಯ ಕೇಬಲ್ ನನಗೆ ಅರ್ಥವಾಗುತ್ತಿಲ್ಲ. ಕೊನೆಯಲ್ಲಿ ಏನನ್ನೂ ಹೊಸೆಯದೆ ಇದ್ದಾಗಲೇ ಕೆಂಪು-ಕಪ್ಪು 0.8 ಓಮ್ ತೋರಿಸುತ್ತದೆ, ಬಿಳಿ-ಹಸಿರು ಕೂಡ 0.8. ನಾಬನ್ನು ಯಾವ ಕಡೆಗೆ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಕಪ್ಪು-ಹಸಿರು ನಡುವೆ 0.5, ಕೆಂಪು-ಬಿಳಿ ನಡುವೆ 1.1. ಎಲ್ಲವೂ ಶಾರ್ಟ್ ಆಗಿದೆಯೆಂದು ಹೆದರಿ ನಾಬಿನ ಪ್ಲೇಟ್ ತೆಗೆದು ನೋಡಿದೆ. ಅದರ ಹಿಂದೆ ಕಬ್ಬಿಣದ ಪಟ್ಟಿಗಳ ಎರಡು ಪುಟ್ಟ ಗಟ್ಟಿಗಳು ಮತ್ತು ತಾಮ್ರದ ಸುತ್ತುಗಳಿವೆ. ಸ್ಪೀಕರ್ ಕಡೆಗೆ ಹೋಗುವ ವೈರುಗಳು ಮೂರೇ: ಕೆಂಪು, ಬಿಳಿ ಮತ್ತು ಒಂದು ಕಪ್ಪು. ಅಲ್ಲಿರುವ ಎರಡು ಮೈನಸ್ ತಿರುಪುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿದ್ದಾರೆ. ಊಟದ ಕೋಣೆಯ ಮೊದಲ ಸ್ಪೀಕರಿನ ಜಾಗದಲ್ಲಿ ಈ ಕಪ್ಪು ವೈರು ಇನ್ನೊಂದು ಕಪ್ಪಿಗೆ ಸೇರಿಕೊಂಡು, ಬಿಳಿಯ ಜೊತೆಗೆ ಎರಡನೆಯ ಜಾಗಕ್ಕೆ ಹೋಗುತ್ತದೆ.

ಉತ್ತರ 3

ಒಳ್ಳೆಯ ಅಳತೆಗಳು. ಇಷ್ಟು ವಿವರ ಕೊಟ್ಟು ಕೇಳುವವರು ಅಪರೂಪ.

ಹಾಲ್‌ನದು ಸುಲಭ. ಕೆಂಪು-ಕಪ್ಪು 0.5 ಓಮ್ ಎಂದರೆ ಸುಮಾರು 1 ಚದರ ಮಿ.ಮೀ. ದಪ್ಪದ ತಾಮ್ರ, ಹದಿನೈದು ಮೀಟರಿನ ಆಸುಪಾಸು. ರೂಢಿಯ ಮಿತಿಗಿಂತ ಚೂರು ಹೆಚ್ಚಾದರೂ, ಅದರಿಂದಾಗುವ ನಷ್ಟ ಅರ್ಧ ಡೆಸಿಬೆಲ್‌ನಷ್ಟು. ಅದಕ್ಕಾಗಿ ಗೋಡೆ ಒಡೆಯಿರಿ ಎಂದು ನಾನು ಹೇಳುವುದಿಲ್ಲ. ಎಡಗಡೆಯ 1.9 ಓಮ್ ಮಾತ್ರ ಒಪ್ಪತಕ್ಕದ್ದಲ್ಲ. ಅಲ್ಲಿ ನಷ್ಟ ಸುಮಾರು 1.9 ಡೆಸಿಬೆಲ್, ಅಂದರೆ ಎಡ ಸ್ಪೀಕರ್ ಬಲಕ್ಕಿಂತ 1.3 ಡೆಸಿಬೆಲ್‌ನಷ್ಟು ಮೆತ್ತಗಾಗಿ, ಹಾಡುಗಾರರ ದನಿ ನಡುವಿನಲ್ಲಿ ನಿಲ್ಲದೆ ಬಲಕ್ಕೆ ವಾಲುತ್ತದೆ. ಬ್ಯಾಲೆನ್ಸ್ ತಿರುಗಿಸಿ ಅದನ್ನು ಸರಿಪಡಿಸಬಹುದೆಂದು ಯಾರಾದರೂ ಹೇಳಿಯಾರು. ಅದು ಅರ್ಧ ಪರಿಹಾರ ಮಾತ್ರ. 8 ಓಮ್ ಎಂಬುದು ಸ್ಪೀಕರ್‌ನ ಹೆಸರಿನ ಅಂಕಿಯಷ್ಟೇ ಆಗಿದ್ದು, ಅದರ ನಿಜವಾದ ಇಂಪಿಡೆನ್ಸ್ (ಸಂಗೀತದ ಸಂಕೇತಕ್ಕೆ ಒಡ್ಡುವ ತಡೆ) ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಏರಿಳಿಯುತ್ತಲೇ ಇರುವುದರಿಂದ, ದಾರಿಯಲ್ಲಿ ಹೆಚ್ಚು ರೋಧವಿದ್ದರೆ ಕೆಲವು ಸ್ವರಗಳು ಹೆಚ್ಚು, ಕೆಲವು ಕಡಿಮೆ ಸೊರಗಿ ಎಡ ಮತ್ತು ಬಲದ ನಾದವೇ ಬೇರೆಯಾಗುತ್ತದೆ.

ತಪ್ಪು ಜಾಯಿಂಟಿನದೋ ತೆಳು ವೈರಿನದೋ ಎಂದು ತಿಳಿಯಲು ಮೀಟರ್ ಹಿಡಿದುಕೊಂಡೇ ಬಲಗಡೆಯ ಬಾಕ್ಸಿನಲ್ಲಿರುವ ಟೇಪಿನ ಗಂಟನ್ನು ಯಾರಿಂದಲಾದರೂ ಅಲುಗಾಡಿಸಿ. ಅಂಕಿ ಕುಣಿದರೆ ಜಾಯಿಂಟ್ ಕೆಟ್ಟಿದೆ. ಅಂಕಿ ಅಲ್ಲಾಡದೆ ನಿಂತರೆ ವೈರೇ ತೆಳು. ನನ್ನ ಊಹೆ ಎರಡನೆಯದು: ಮುಖ್ಯ ಕೇಬಲ್ 0.5 ತೆಗೆದುಕೊಂಡರೆ ಉಳಿಯುವ 1.4 ಓಮ್, ಕಾಲಿಂಗ್ ಬೆಲ್‌ಗೆ ಎಳೆಯುವಂಥ 0.2 ಚದರ ಮಿ.ಮೀ. ವೈರು ಎಂಟು ಮೀಟರ್ ಹೋಗಿದ್ದರೆ ಬರುವ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಹಾಗಿದ್ದರೆ ಆ ತುಂಡನ್ನು ಮಾತ್ರ 1.5 ಅಥವಾ 2.5 ಚದರ ಮಿ.ಮೀ. ವೈರಿಗೆ ಬದಲಿಸಿ. ತೆಳು ವೈರು ಗೋಡೆಯೊಳಗೆ ಸಡಿಲವಾಗಿ ಓಡಿದ್ದರೆ ಅದರ ತುದಿಗೆ ಹೊಸ ವೈರನ್ನು ಕಟ್ಟಿ ಆ ಕಡೆಯಿಂದ ಎಳೆದುಕೊಳ್ಳಬಹುದು. ಕ್ಲಿಪ್ ಹೊಡೆದು ಬಿಗಿದಿದ್ದರೆ ಬರುವುದಿಲ್ಲ. ಆಗ ಬಲವಂತ ಮಾಡದೆ ಬೇರೆ ದಾರಿ ನೋಡಿ.

ಈಗ ಊಟದ ಕೋಣೆ. ನೀವು ಕಂಡ ಕಬ್ಬಿಣದ ಗಟ್ಟಿಗಳು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಆ ನಾಬ್ ಧ್ವನಿಯನ್ನು ತಗ್ಗಿಸುವುದು ರೋಧದಿಂದಲ್ಲ, ಸುತ್ತಿನ ಬೇರೆ ಬೇರೆ ಟ್ಯಾಪ್‌ಗಳಿಂದ, ಅಂದರೆ ನಡುನಡುವೆ ಹೊರತೆಗೆದ ತುದಿಗಳಿಂದ. ಮೀಟರ್ ಕಳುಹಿಸುವುದು ನೇರ ವಿದ್ಯುತ್ತನ್ನಾದ್ದರಿಂದ ಅದಕ್ಕೆ ಆ ಸುತ್ತು ಬರೀ ತಾಮ್ರದ ವೈರಿನಂತೆ ಕಾಣುತ್ತದೆ. ಕೇಬಲ್‌ನ 0.5, ಸುತ್ತಿನ 0.3, ಒಟ್ಟು 0.8. ಸಂಗೀತದ ಸಂಕೇತಕ್ಕೆ ಅದೇ ಸುತ್ತು ಬಹಳ ಹೆಚ್ಚು ಇಂಪಿಡೆನ್ಸ್ ತೋರಿಸುತ್ತದೆ. ಆದ್ದರಿಂದ ಕೆಂಪು-ಕಪ್ಪು 0.8 ಎನ್ನುವುದು ಶಾರ್ಟ್ ಅಲ್ಲ, ಹೆದರುವ ಕಾರಣವಿಲ್ಲ.

ಹೆದರಬೇಕಾದ ಅಂಕಿ ಕಪ್ಪು-ಹಸಿರು ನಡುವಿನ 0.5. ಎಡ ಮತ್ತು ಬಲದ ಮೈನಸ್‌ಗಳು ಒಂದಾಗಿವೆ ಎಂದು ಅದು ಹೇಳುತ್ತದೆ, ನೀವು ಕಣ್ಣಾರೆ ಕಂಡ ಆ ತುಂಡು ವೈರು ಅದಕ್ಕೆ ಸಾಕ್ಷಿ. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಎರಡೂ ಚಾನೆಲ್‌ಗಳ ಮೈನಸ್ ಒಳಗೆ ಚಾಸಿಗೆ (ಲೋಹದ ಚೌಕಟ್ಟಿಗೆ) ಸೇರಿಯೇ ಇರುತ್ತಿದ್ದುದರಿಂದ ಮೂರು ವೈರಿನಲ್ಲಿ ಎರಡು ಸ್ಪೀಕರ್‌ಗಳನ್ನು ನಡೆಸಿ ಒಂದು ವೈರು ಉಳಿಸುವ ಪದ್ಧತಿ ಇತ್ತು. ಈಗಿನ ಅನೇಕ ಆಂಪ್ಲಿಫೈಯರ್‌ಗಳಲ್ಲಿ, ಮುಖ್ಯವಾಗಿ ಕ್ಲಾಸ್ ಡಿ ಚಿಪ್ಪಿನ ಪುಟ್ಟ ಆಂಪ್ಲಿಫೈಯರ್‌ಗಳಲ್ಲಿ, ಪ್ಲಸ್ ಮತ್ತು ಮೈನಸ್ ಎರಡೂ ತಿರುಪುಗಳು ಸಂಕೇತವನ್ನು ಹೊರಡಿಸುತ್ತವೆ. ಇದನ್ನು ಬ್ರಿಜ್ ಮಾಡಿದ ಔಟ್‌ಪುಟ್ ಎನ್ನುತ್ತಾರೆ. ಅಲ್ಲಿ ಎರಡು ಮೈನಸ್‌ಗಳನ್ನು ಕೂಡಿಸಿದರೆ ಎರಡು ಚಾನೆಲ್‌ಗಳ ಔಟ್‌ಪುಟ್‌ಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಿದ ಹಾಗೆ. ರಕ್ಷಣಾ ಸರ್ಕೀಟ್ ಇದ್ದರೆ ಆಂಪ್ಲಿಫೈಯರ್ ಆರಿಹೋಗುತ್ತದೆ, ಇಲ್ಲದಿದ್ದರೆ ಚಿಪ್ ಸುಡುತ್ತದೆ. ಗಮನಿಸಿ, ಇದಕ್ಕೆ ಸ್ಪೀಕರ್ ಜೋಡಿಸಿರಲೇಬೇಕೆಂದೂ ಇಲ್ಲ. ಆ ತುಂಡು ವೈರು ನಾಬಿನಲ್ಲಿ ಇರುವಷ್ಟು ದಿನ, ಕಪಾಟಿನಲ್ಲಿ ನಾಲ್ಕು ವೈರುಗಳನ್ನು ಸಿಕ್ಕಿಸಿದರೆ ಸಾಕು.

ನಿಮ್ಮ ರಿಸೀವರ್‌ನ ಕೈಪಿಡಿಯಲ್ಲಿ ಎರಡು ಚಾನೆಲ್‌ಗಳ ಮೈನಸ್ ಕೂಡಿಸಬಾರದೆಂದು ಎಚ್ಚರಿಕೆ ಇದೆಯೇ ನೋಡಿ. ಇದ್ದರೆ ಅದೇ ಕೊನೆಯ ಮಾತು.

ಉತ್ತರ 1 ಬರೆದವರಿಂದ

ಮೂರು ವೈರಿನ ವಿಷಯವನ್ನು ಮೇಲಿನವರು ಸರಿಯಾಗಿ ಹಿಡಿದಿದ್ದಾರೆ. ‘ಎ’ ಮತ್ತು ‘ಬಿ’ ಟರ್ಮಿನಲ್‌ಗಳ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಪ್ರಶ್ನೆಯ ಆ ಭಾಗ ಹಾಗೆಯೇ ಉಳಿದಿದೆ.

ಹೆಚ್ಚಿನ ರಿಸೀವರ್‌ಗಳಲ್ಲಿ ‘ಎ’ ಮತ್ತು ‘ಬಿ’ ಎರಡನ್ನೂ ಒತ್ತಿದಾಗ ಎರಡು ಜೊತೆ ಸ್ಪೀಕರ್‌ಗಳು ಒಂದೇ ಆಂಪ್ಲಿಫೈಯರಿಗೆ ಸಮಾಂತರವಾಗಿ, ಅಂದರೆ ಪ್ಯಾರಲಲ್ ಆಗಿ ಸೇರುತ್ತವೆ. 8 ಮತ್ತು 8 ಓಮ್ ಹಾಗೆ ಸೇರಿದರೆ 4 ಓಮ್. ನಿಮ್ಮದರ ಮೇಲೆ ಬರೆದಿರುವ ಕನಿಷ್ಠ ಮಿತಿ 6. ಮೆಲ್ಲಗೆ ಕೇಳುವಾಗ ಏನೂ ಆಗದೆ ಇರಬಹುದು. ಹಬ್ಬದ ದಿನ ಜೋರಾಗಿ ಇಟ್ಟಾಗ ಬಿಸಿಯೇರಿ ತಾನೇ ಆರಿಕೊಳ್ಳುತ್ತದೆ. ಕೆಲವು ತಯಾರಕರು ಇದನ್ನು ತಪ್ಪಿಸಲು ಎರಡನ್ನೂ ಒತ್ತಿದಾಗ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ ಸೇರುವಂತೆ ಮಾಡಿರುತ್ತಾರೆ, ಆದ್ದರಿಂದ ಕೈಪಿಡಿಯನ್ನು ನೋಡದೆ ಲೆಕ್ಕ ಹಾಕಬೇಡಿ.

ಇಲ್ಲಿ ನಿಮ್ಮ ಹಳೆಯ ನಾಬ್ ಉಪಯೋಗಕ್ಕೆ ಬರಬಹುದು. ಅಂಥ ಎಷ್ಟೋ ನಾಬ್‌ಗಳ ಹಿಂಬದಿಯಲ್ಲಿ 1, 2, 4, 8 ಎಂದು ಗುರುತು ಹಾಕಿದ ಜಂಪರ್ (ಜಾಗ ಬದಲಿಸಿ ಸಿಕ್ಕಿಸುವ ಪುಟ್ಟ ಕೊಂಡಿ) ಇರುತ್ತದೆ. ಅದನ್ನು 2ರಲ್ಲಿ ಇಟ್ಟರೆ 8 ಓಮ್‌ನ ಸ್ಪೀಕರ್ ಆಂಪ್ಲಿಫೈಯರಿಗೆ 16 ಓಮ್‌ನಂತೆ ಕಾಣುತ್ತದೆ. ಹಾಲ್‌ನ 8ಕ್ಕೆ ಈ 16 ಸೇರಿದರೆ 5.3 ಓಮ್, ಇನ್ನೂ ಮಿತಿಯ ಕೆಳಗೆ; 4ರಲ್ಲಿ ಇಟ್ಟರೆ 32 ಓಮ್ ಆಗಿ, ಒಟ್ಟು 6.4 ಓಮ್, ಮಿತಿಯ ಒಳಗೆ. ಧ್ವನಿ ಅಷ್ಟು ತಗ್ಗುತ್ತದೆ, ಊಟದ ಕೋಣೆಗೆ ಅದೇನೂ ಕೊರತೆಯಲ್ಲ. ಆದರೆ ಮೈನಸ್‌ಗಳ ಪ್ರಶ್ನೆ ಬಗೆಹರಿಯದೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಪ್ರಶ್ನೆ ಕೇಳಿದವರಿಂದ

ಕೈಪಿಡಿಯಲ್ಲಿ ‘ಎಡ ಮತ್ತು ಬಲ ಚಾನೆಲ್‌ಗಳ ಮೈನಸ್ ಟರ್ಮಿನಲ್‌ಗಳನ್ನು ಒಂದಕ್ಕೊಂದು ಸೇರಿಸಬಾರದು’ ಎಂಬ ಅರ್ಥದ ಸಾಲು ಸ್ಪಷ್ಟವಾಗಿಯೇ ಇದೆ. ಹಾಲ್‌ನ ಟೇಪಿನ ಗಂಟನ್ನು ಅಲುಗಾಡಿಸಿದರೆ ಅಂಕಿ ಕದಲಲಿಲ್ಲ. ತೆಳು ವೈರು ಎಳೆದಾಗ ಸಲೀಸಾಗಿ ಬಂದಿತು, ಅದರ ಜೊತೆಗೇ 1.5 ಚದರ ಮಿ.ಮೀ. ವೈರನ್ನು ಎಳೆದುಕೊಂಡೆ. ಈಗ ಎಡಗಡೆಯದು 0.7 ಓಮ್ ತೋರಿಸುತ್ತಿದೆ. ಊಟದ ಕೋಣೆಯಲ್ಲಿ ಮಾತ್ರ ನಾಬಿನಿಂದ ಮುಂದಿನ ವೈರುಗಳು ಎಲ್ಲೋ ಬಿಗಿಯಾಗಿ ಸಿಕ್ಕಿಕೊಂಡಿವೆ, ಒಂದಿಷ್ಟೂ ಅಲ್ಲಾಡುವುದಿಲ್ಲ. ನಾಲ್ಕನೆಯ ವೈರು ಎಳೆಯದೆ ಅಲ್ಲಿ ಎರಡು ಸ್ಪೀಕರ್‌ಗಳನ್ನು ನಡೆಸಲು ಸಾಧ್ಯವೇ?

ಉತ್ತರ 3 ಬರೆದವರಿಂದ

ಸಾಧ್ಯ, ಆದರೆ ಸ್ಟೀರಿಯೋ ಅಲ್ಲ, ಮೋನೋ, ಅಂದರೆ ಎರಡೂ ಸ್ಪೀಕರ್‌ಗಳಿಂದ ಒಂದೇ ಸಂಗೀತ. ಊಟ ಮಾಡುವ ಕೋಣೆಯಲ್ಲಿ ಎರಡು ಸ್ಪೀಕರ್‌ಗಳ ನಡುವಿನ ಸರಿಯಾದ ಜಾಗದಲ್ಲಿ ಕೂತು ಕೇಳುವವರು ಇರುವುದಿಲ್ಲವಾದ್ದರಿಂದ ಮೋನೋ ಅಲ್ಲಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಮೇಜಿನ ಒಂದು ಕೊನೆಯಲ್ಲಿ ಕೂತವರಿಗೆ ಹಾಡು, ಇನ್ನೊಂದು ಕೊನೆಯಲ್ಲಿ ಕೂತವರಿಗೆ ಬರೀ ಪಕ್ಕವಾದ್ಯ ಎಂಬ ಪಾಡು ತಪ್ಪುತ್ತದೆ.

ವಿಧಾನ ಹೀಗೆ. ನಾಬಿನಲ್ಲಿರುವ ಆ ತುಂಡು ವೈರನ್ನು ತೆಗೆದುಹಾಕಿ. ನಾಬಿನ ಒಂದೇ ಚಾನೆಲ್ ಬಳಸಿ: ಅದರ ಔಟ್‌ಪುಟ್‌ನ ಪ್ಲಸ್ ತಿರುಪಿಗೆ ಕೆಂಪು, ಮೈನಸ್ ತಿರುಪಿಗೆ ಬಿಳಿ. ಕಪ್ಪು ವೈರಿನ ತುದಿಯನ್ನು ಅಲ್ಲಿ ಯಾವುದಕ್ಕೂ ಕೊಡದೆ ಕನೆಕ್ಟರ್ ಹಾಕಿ ಮುಚ್ಚಿಡಿ. ಮೊದಲ ಸ್ಪೀಕರಿನಲ್ಲಿ ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕಪ್ಪು. ಎರಡನೆಯದರಲ್ಲಿ ಪ್ಲಸ್‌ಗೆ ಕಪ್ಪು, ಮೈನಸ್‌ಗೆ ಬಿಳಿ. ಎರಡನೆಯ ಸ್ಪೀಕರಿನ ಪ್ಲಸ್‌ಗೆ ಕಪ್ಪು ಹೋಗುವುದನ್ನು ಕಂಡು ಮುಂದೆ ಯಾರಾದರೂ ‘ಸರಿಪಡಿಸದಂತೆ’ ಅಲ್ಲಿ ಒಂದು ಚೀಟಿ ಅಂಟಿಸಿ. ಹೀಗೆ ಮಾಡಿದಾಗ ಕಪ್ಪು ವೈರು ಎರಡು ಸ್ಪೀಕರ್‌ಗಳನ್ನು ಸರಣಿಯಲ್ಲಿ ಕೂಡಿಸುವ ಕೊಂಡಿ ಮಾತ್ರ ಆಗುತ್ತದೆ, ಒಟ್ಟು 16 ಓಮ್. ಎರಡೂ ಒಂದೇ ಮಾದರಿಯವಾಗಿರುವುದರಿಂದ ಸರಣಿಯಲ್ಲಿ ಶಕ್ತಿ ಸಮನಾಗಿ ಹಂಚಿಕೆಯಾಗುತ್ತದೆ. ಬೇರೆ ಬೇರೆ ಮಾದರಿಗಳಾಗಿದ್ದರೆ ಇದನ್ನು ಹೇಳುತ್ತಿರಲಿಲ್ಲ.

ಇಲ್ಲೊಂದು ತೊಡಕಿದೆ. ರಿಸೀವರ್‌ನ ‘ಬಿ’ಯ ಒಂದು ಚಾನೆಲನ್ನಷ್ಟೇ ತೆಗೆದುಕೊಂಡರೆ ಅರ್ಧ ಸಂಗೀತ ಮಾತ್ರ ಬರುತ್ತದೆ. ಎಡ ಮತ್ತು ಬಲವನ್ನು ಕೂಡಿಸಬೇಕೆಂದು ಎರಡು ಸ್ಪೀಕರ್ ಔಟ್‌ಪುಟ್‌ಗಳನ್ನು ಎಂದಿಗೂ ಹೊಸೆಯಬೇಡಿ. ಕೂಡಿಸುವುದಾದರೆ ಆಂಪ್ಲಿಫೈಯರಿಗೆ ಮೊದಲೇ, ಲೈನ್ ಸಂಕೇತದಲ್ಲಿ ಕೂಡಿಸಬೇಕು. ರಿಸೀವರ್‌ನಲ್ಲಿ ಲೈನ್ ಔಟ್ ಅಥವಾ ಪ್ರೀ ಔಟ್ ಇದ್ದರೆ ಅಲ್ಲಿಂದ ಎಡ ಮತ್ತು ಬಲವನ್ನು ತಲಾ 1 ಕಿಲೋ ಓಮ್‌ನ ರೆಸಿಸ್ಟರ್ ಮೂಲಕ ಒಂದುಗೂಡಿಸಿ ಒಂದು ಪುಟ್ಟ ಪ್ರತ್ಯೇಕ ಆಂಪ್ಲಿಫೈಯರಿಗೆ ಕೊಡಿ. ಮೋನೋ ಸ್ವಿಚ್ ಇರುವ ಆಂಪ್ಲಿಫೈಯರ್ ಸಿಕ್ಕರೆ ರೆಸಿಸ್ಟರ್‌ನ ಗೋಜೂ ಇಲ್ಲ. ಇದರಿಂದ ಇನ್ನೊಂದು ಲಾಭ: ಊಟದ ಕೋಣೆ ‘ಬಿ’ ಟರ್ಮಿನಲ್‌ನಿಂದ ಹೊರಗೆ ಬರುವುದರಿಂದ, ಮೇಲಿನವರು ಹೇಳಿದ 4 ಓಮ್‌ನ ಚಿಂತೆ ಪೂರ್ತಿ ತೀರುತ್ತದೆ, ರಿಸೀವರ್‌ಗೆ ಹಾಲ್‌ನ 8 ಓಮ್ ಮಾತ್ರ ಉಳಿಯುತ್ತದೆ. ನಾಬಿನ ಜಂಪರನ್ನು 1ರಲ್ಲೇ ಇಡಬಹುದು. ಕಪಾಟಿನಿಂದ ನಾಬಿಗೆ ಹೋಗುವ ಕೇಬಲ್‌ನಲ್ಲಿ ಕೆಂಪು-ಕಪ್ಪು ಸಾಕು, ಬಿಳಿ-ಹಸಿರಿನ ಎರಡೂ ತುದಿಗಳನ್ನು ಮುಚ್ಚಿಡಿ.

ಎಲ್ಲ ಬದಲಾವಣೆ ಮಾಡಿದ ಮೇಲೆ, ಸ್ಪೀಕರ್‌ಗಳನ್ನೂ ಜೋಡಿಸಿದ ಮೇಲೆ, ನಾಬಿನಿಂದ ಬಿಚ್ಚಿದ ಕೆಂಪು ಮತ್ತು ಬಿಳಿಯ ನಡುವೆ ಒಮ್ಮೆ ಅಳೆಯಿರಿ. 8 ಓಮ್‌ನ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ. ಸರಣಿಯಲ್ಲಿ ಎರಡು ಸೇರಿ 12ರಿಂದ 13ರ ಹತ್ತಿರ ಬರಬೇಕು. 6 ಬಂದರೆ ಎಲ್ಲೋ ಒಂದು ಸ್ಪೀಕರ್ ತಪ್ಪಿಹೋಗಿದೆ. 3ರ ಹತ್ತಿರ ಬಂದರೆ ಸಮಾಂತರವಾಗಿ ಸೇರಿಸಿದ್ದೀರಿ.

ಉತ್ತರ 2 ಬರೆದವರಿಂದ

ಇನ್ನು ಕತ್ತರಿ ಹಿಡಿಯಬಹುದು. ಕೂರಿಸುವ ಕೆಲಸದ ಬಗ್ಗೆ ಕೆಲವು ಮಾತು.

ಕತ್ತರಿಸುವ ಮೊದಲು ಗುರುತು ಹಾಕಿದ ಜಾಗದ ನಡುವೆ ಪುಟ್ಟ ತೂತು ಕೊರೆದು, ಬಾಗಿಸಿದ ತಂತಿಯೊಂದನ್ನು ಒಳಗೆ ಹಾಕಿ ಸುತ್ತಲೂ ತಿರುಗಿಸಿ ನೋಡಿ. ಚೌಕಟ್ಟಿನ ಕಂಬ, ನೀರಿನ ಪೈಪ್, ಕರೆಂಟಿನ ಕೊಳವೆ ಯಾವುದಾದರೂ ತಗುಲಿದರೆ ಜಾಗ ಬದಲಿಸಿ. ಆಳವನ್ನೂ ಅಳೆದು ಸ್ಪೀಕರ್‌ನ ಜೊತೆ ಬಂದ ಕಾಗದದಲ್ಲಿ ಬರೆದಿರುವುದಕ್ಕೆ ಹೋಲಿಸಿ. ಹೊಸದಾಗಿ ಎಳೆದ ವೈರು ಕರೆಂಟಿನ ಲೈನಿನ ಪಕ್ಕದಲ್ಲಿಯೇ ಉದ್ದಕ್ಕೂ ಓಡದಂತೆ ಒಂದಡಿಯಾದರೂ ಅಂತರ ಇರಲಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ. ಇಟ್ಟಿಗೆ ಗೋಡೆಯವರು ಈ ಚರ್ಚೆ ಓದುತ್ತಿದ್ದರೆ ಒಂದು ಮಾತು: ನಿಮಗೆ ಬ್ಯಾಕ್ ಬಾಕ್ಸ್ (ಸ್ಪೀಕರ್ ಕೂರುವ ಪೆಟ್ಟಿಗೆ) ಹುಗಿದು ಗಾರೆ ಮಾಡಿಸುವ ಕೆಲಸ ಮೊದಲು ಆಗಬೇಕು, ಬೋರ್ಡನ್ನು ಹಿಂದಿನಿಂದ ಕಚ್ಚಿಕೊಳ್ಳುವ ಈ ಸ್ಪೀಕರ್‌ಗಳ ಹಿಡಿಕೆಗಳು ಗಾರೆಯನ್ನು ಹಿಡಿಯಲಾರವು.

ವೈರನ್ನು ಒಂದು ಸೆಂಟಿಮೀಟರಿನಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸ್ಪ್ರಿಂಗ್ ಟರ್ಮಿನಲ್‌ಗೆ ತೂರಿಸಿ. ಒಂದೇ ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್. ಸ್ಪೀಕರನ್ನು ಮತ್ತೆ ಹೊರತೆಗೆದು ನೋಡಲು ಬರುವಂತೆ ಒಂದೂವರೆ ಅಡಿಯಷ್ಟು ವೈರು ಒಳಗೆ ಸಡಿಲವಾಗಿ ಉಳಿಯಲಿ, ಆದರೆ ಅದು ಸ್ಪೀಕರ್‌ನ ಬೆನ್ನಿಗೆ ಬಡಿದು ಸದ್ದು ಮಾಡದಂತೆ ಕಟ್ಟಿಡಿ.

ಪೊಲಾರಿಟಿಯನ್ನು, ಅಂದರೆ ಪ್ಲಸ್ ಮತ್ತು ಮೈನಸ್ ಸರಿಯಾಗಿ ಸೇರಿವೆಯೇ ಎಂಬುದನ್ನು, ಗೋಡೆಯೊಳಗೆ ಕೂರಿಸುವ ಮೊದಲೇ ನೋಡಿಕೊಳ್ಳಬೇಕು. ಕಪಾಟಿನ ತುದಿಯಲ್ಲಿ, ಆಂಪ್ಲಿಫೈಯರಿನಿಂದ ಬಿಚ್ಚಿದ ವೈರಿಗೆ 1.5 ವೋಲ್ಟಿನ ಒಂದು ಸೆಲ್ ಅನ್ನು ಕ್ಷಣಕಾಲ ತಾಗಿಸಿ. ಪ್ಲಸ್ ವೈರಿಗೆ ಸೆಲ್‌ನ ಪ್ಲಸ್ ತಾಗಿದಾಗ ವೂಫರ್‌ನ ಕೋನ್ ಮುಂದಕ್ಕೆ, ಕೋಣೆಯ ಕಡೆಗೆ ಜಿಗಿಯಬೇಕು; ಹಿಂದಕ್ಕೆ ಹೋದರೆ ವೈರು ಅದಲುಬದಲಾಗಿದೆ. ಊಟದ ಕೋಣೆಯದನ್ನು ಮಾತ್ರ ನಾಬಿನಿಂದ ಬಿಚ್ಚಿದ ಕೆಂಪು ಮತ್ತು ಬಿಳಿಗೆ ತಾಗಿಸಿ ನೋಡಿ. ಟ್ರಾನ್ಸ್‌ಫಾರ್ಮರ್‌ನ ಸುತ್ತು ಮಧ್ಯದಲ್ಲಿದ್ದರೆ ಸೆಲ್ ಅದರಲ್ಲೇ ಬರಿದಾಗುತ್ತದೆ. ಕೆಂಪಿಗೆ ಸೆಲ್‌ನ ಪ್ಲಸ್ ಕೊಟ್ಟಾಗ ಅಲ್ಲಿನ ಎರಡೂ ಕೋನ್‌ಗಳು ಒಟ್ಟಿಗೆ ಮುಂದಕ್ಕೆ ಬರಬೇಕು.

ಬಳಿಕ ರಿಸೀವರ್ ಆರಿಸಿಟ್ಟೇ ವೈರು ಸಿಕ್ಕಿಸಿ, ಧ್ವನಿಯನ್ನು ಪೂರ್ತಿ ಇಳಿಸಿ ಚಾಲೂ ಮಾಡಿ, ಒಂದು ಹಾಡನ್ನು ಮೆಲ್ಲಗೆ ನುಡಿಸಿ ಕೇಳಿ. ಎಲ್ಲ ಸರಿಯಾಗಿದ್ದರೆ ಹಿಡಿಕೆಗಳ ತಿರುಪುಗಳನ್ನು ಕೈ ಸ್ಕ್ರೂಡ್ರೈವರ್‌ನಿಂದಲೇ ಬಿಗಿಯಿರಿ. ಡ್ರಿಲ್ ಮೆಷಿನ್ ಹಾಕಿದರೆ ಹಿಡಿಕೆಯ ಪ್ಲಾಸ್ಟಿಕ್ ಮುರಿಯುತ್ತದೆ, ಇಲ್ಲವೇ ಜಿಪ್ಸಮ್ ಪುಡಿಯಾಗುತ್ತದೆ. ಮುಂಭಾಗದ ಜಾಲರಿಗೆ ಗೋಡೆಯ ಬಣ್ಣ ಬಳಿಯುವುದಿದ್ದರೆ ಅದನ್ನು ಕೂರಿಸುವ ಮೊದಲೇ ಬಿಚ್ಚಿ, ಒಳಗಿನ ಬಟ್ಟೆ ತೆಗೆದು, ತೆಳುವಾಗಿ ಸ್ಪ್ರೇ ಮಾಡಿ. ಬ್ರಷ್ಷಿನಿಂದ ಬಳಿದರೆ ತೂತುಗಳು ಮುಚ್ಚಿಕೊಂಡು ಮೇಲಿನ ಸ್ವರಗಳು ಮಂಕಾಗುತ್ತವೆ.